ಕರಾರು ಇತ್ತು, ಕರಾರ್ ಇರಲಿಲ್ಲ

ಕನ್ನಡದ ‘ಕರಾರು’ ಅರಬಿ-ಫಾರಸಿಗಳ ದಾರಿ ಹಿಡಿದು ಬಂದ ಪದ. ನಮ್ಮ ಕಚೇರಿ ಕಾಗದಗಳಲ್ಲಿ ಅದಕ್ಕೆ ಒಪ್ಪಂದ ಎಂದರ್ಥ. ಉರ್ದು ಓದಿದವರಿಗೆ ಅದರ ಇನ್ನೊಂದು ಅರ್ಥವೂ ಗೊತ್ತು: ನೆಮ್ಮದಿ. ಅದನ್ನು ಕಳೆದುಕೊಂಡವನೇ ಬೇಕರಾರ್. ಎರಡೂ ಕಡೆಯವರ ಮನಸ್ಸು ನೆಲೆ ನಿಂತಾಗ ಮಾತ್ರ ಒಪ್ಪಂದ ಎಂಬ ತಿಳಿವಳಿಕೆ ಆ ಪದದೊಳಗೇ ಇದೆ. ಆದಿವಾಸಿಗಳ ನೆಲದಡಿಯ ಅದಿರಿಗಾಗಿ ಕಂಪನಿಗಳು ಬರೆಸಿಕೊಳ್ಳುವ ಕರಾರುಗಳಲ್ಲಿ ಮಾತ್ರ ಕಚೇರಿಯ ಅರ್ಥ ಉಳಿದು, ಮನಸ್ಸಿನ ಅರ್ಥ ಬಿದ್ದುಹೋಗಿದೆ.

ಆದಿವಾಸಿಗಳಿಗೆ ಭೂಮಿಯ ಹಕ್ಕು ಕೊಟ್ಟರೆ ಬಂಡವಾಳ ಓಡಿಹೋಗುತ್ತದೆ ಎಂದು ನಮ್ಮನ್ನು ಹೆದರಿಸಲಾಗುತ್ತದೆ. ಬೇಕಾದರೆ ಕರಾರು ಮಾಡಿಕೊಂಡು ಪರಿಹಾರ ಕೊಡೋಣ, ‘ಬೇಡ’ ಎನ್ನುವ ಅಧಿಕಾರ ಮಾತ್ರ ಅವರಿಗೆ ಬೇಡ ಎನ್ನುವುದು ಈ ವಾದದ ಸಭ್ಯ ರೂಪ. ನಾವು ಇದನ್ನು ಒಪ್ಪುವುದಿಲ್ಲ. ‘ಬೇಡ’ ಎನ್ನಲಾಗದವನ ‘ಹೂಂ’ ಆದಿವಾಸಿಯನ್ನೂ ಉಳಿಸುವುದಿಲ್ಲ, ಕೊನೆಗೆ ಹೂಡಿಕೆದಾರನನ್ನೂ ಉಳಿಸುವುದಿಲ್ಲ.

ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದಲ್ಲಿ ಜೂಕನ್ ಎಂಬ ಕಮರಿಯಿದೆ. ಅಲ್ಲಿನ ಕಲ್ಲಾಸರೆಯೊಂದರಲ್ಲಿ 46,000 ವರ್ಷಗಳಷ್ಟು ಹಿಂದೆಯೇ ಮನುಷ್ಯರು ತಂಗಿದ್ದರ ಕುರುಹುಗಳಿದ್ದವು. ಮನುಷ್ಯರ ಕೂದಲಿನಿಂದ ಹೆಣೆದ 4,000 ವರ್ಷ ಹಳೆಯ ಪಟ್ಟಿಯ ತುಣುಕು ಅಲ್ಲಿ ಸಿಕ್ಕಿತ್ತು. ಅದರ ಡಿಎನ್‌ಎ ಇಂದಿನ ಪುಟು ಕುಂಟಿ ಕುರ್ರಾಮ ಮತ್ತು ಪಿನಿಕುರಾ ಜನರೊಂದಿಗೆ ಹೊಂದಿಕೆಯಾಗಿತ್ತು. ಪೂರ್ವಜರ ಮನೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಹಕ್ಕುಪತ್ರ ಯಾರ ಬಳಿಯಿದೆ? 2020ರ ಮೇ 24ರಂದು ರಿಯೊ ಟಿಂಟೊ ಕಂಪನಿ ಅದನ್ನು ಸಿಡಿಮದ್ದಿಟ್ಟು ಉಡಾಯಿಸಿತು. ಆಸರೆಯನ್ನು ಉಳಿಸಿಯೇ ಗಣಿ ನಡೆಸುವ ಬೇರೆ ಯೋಜನೆಗಳೂ ಕಂಪನಿಯ ಮುಂದಿದ್ದವು. ಅವನ್ನು ಕೈಬಿಟ್ಟದ್ದು ಸುಮಾರು 80 ಲಕ್ಷ ಟನ್ ಹೆಚ್ಚುವರಿ ಅದಿರಿಗಾಗಿ.

ಇದೆಲ್ಲ ಕಾನೂನುಬಾಹಿರವಾಗಿ ನಡೆಯಿತೆಂದು ಭಾವಿಸಬೇಡಿ. ಆ ಜನರ ಜೊತೆ 2011ರ ಕರಾರಿತ್ತು, ಹಣ ಸಂದಾಯವಾಗುತ್ತಿತ್ತು. 1972ರ ಕಾಯ್ದೆಯಡಿ ಸಚಿವರ ಅನುಮತಿ 2013ರಲ್ಲೇ ಸಿಕ್ಕಿತ್ತು. ಮರುವರ್ಷದ ಉತ್ಖನನದಲ್ಲಿ ಆ ಜಾಗದ ನಿಜವಾದ ಬೆಲೆ ತಿಳಿದರೂ, ಕೊಟ್ಟ ಅನುಮತಿಯ ವಿರುದ್ಧ ಮೇಲ್ಮನವಿ ಹೋಗಲು ಆ ನೆಲದ ಮಕ್ಕಳಿಗೆ ಅವಕಾಶವಿರಲಿಲ್ಲ. ಬಹಿರಂಗವಾಗಿ ಆಕ್ಷೇಪಿಸದಂತೆ ಕರಾರಿನ ಷರತ್ತುಗಳೇ ಅವರ ಬಾಯಿ ಕಟ್ಟಿದ್ದವು. 1992ರ ಮಾಬೊ ತೀರ್ಪಿನ ಬೆನ್ನಿಗೆ ಬಂದ 1993ರ ಮೂಲನಿವಾಸಿ ಹಕ್ಕಿನ ಕಾಯ್ದೆಯೂ ಗಣಿಗಾರಿಕೆಯ ಎದುರು ಅವರಿಗೆ ಕೊಟ್ಟದ್ದು ಚೌಕಾಸಿಯ ಹಕ್ಕನ್ನೇ ಹೊರತು ನಿರಾಕರಣೆಯ ಹಕ್ಕನ್ನಲ್ಲ. ಆರು ತಿಂಗಳು ಮಾತುಕತೆ, ಅದು ಮುರಿದರೆ ನ್ಯಾಯಮಂಡಳಿ.

ಇಂಥ ಒಪ್ಪಿಗೆ ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೆಣ್ಣಿನ ರಜಾಮಂದಿಯಿಲ್ಲದೆ ನಿಕಾಹ್ ಇಲ್ಲ ಎಂದು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುವವರು ನಾವು. ಒಳಕೋಣೆಯಲ್ಲಿ ಮುಸುಕು ಹೊದ್ದು ಕುಳಿತ ಹುಡುಗಿಯ ಮುಂದೆ ವಕೀಲ ಮತ್ತು ಸಾಕ್ಷಿಗಳು ನಿಂತು ಮೂರು ಸಲ ಕೇಳುವಾಗ, ಹೊರಗೆ ಬಿರಿಯಾನಿಯ ದೇಗ್ ಇಳಿದಾಗಿರುತ್ತದೆ, ಬೀಗರು ಬಂದು ಕುಳಿತಾಗಿರುತ್ತದೆ. ಆ ಗಳಿಗೆಯಲ್ಲಿ ಅವಳು ‘ಇಲ್ಲ’ ಎನ್ನಬಲ್ಲಳೇ? ಅವಳ ಮೌನವನ್ನು ಕಬೂಲ್ ಎಂದು ಬರೆದುಕೊಂಡು ನಾವು ಎಷ್ಟೋ ಸಲ ದುಆಕ್ಕೆ ಕೈಯೆತ್ತಿದ್ದೇವೆ. ಯಂತ್ರಗಳು ಬಂದು ನಿಂತ ಮೇಲೆ ಗುಡ್ಡದ ಜನರ ಮುಂದೆ ಕಾಗದ ಹಿಡಿಯುವವರನ್ನು ಕಂಡಾಗ ನಮಗೆ ನೆನಪಾಗುವುದು ಆ ಒಳಕೋಣೆಯೇ.

ಹೂಡಿಕೆದಾರನ ಗತಿ ಏನಾಯಿತು? ಮುಖ್ಯಸ್ಥರ ಬೋನಸ್ ಕತ್ತರಿಸಿ ಕೈತೊಳೆದುಕೊಳ್ಳಲು ರಿಯೊ ಟಿಂಟೊ ನೋಡಿತು. ಪಿಂಚಣಿ ನಿಧಿಗಳಂಥ ಷೇರುದಾರರೇ ತಿರುಗಿಬಿದ್ದಾಗ, ಮುಖ್ಯ ಕಾರ್ಯನಿರ್ವಾಹಕ ಮತ್ತು ಇಬ್ಬರು ಹಿರಿಯ ಅಧಿಕಾರಿಗಳ ನಿರ್ಗಮನವನ್ನು 2020ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಬೇಕಾಯಿತು. ನಮ್ಮ ದೇಶದ ಪಾಠವೂ ಇದೇ. ಒಡಿಶಾದ ನಿಯಮಗಿರಿ ಬೆಟ್ಟದ ಬಾಕ್ಸೈಟ್ ಕೈಗೆ ಸಿಗುವ ಮೊದಲೇ ವೇದಾಂತ ಕಂಪನಿ ಲಾಂಜಿಗಢದಲ್ಲಿ ಶುದ್ಧೀಕರಣ ಘಟಕ ಕಟ್ಟಿತು. ಡೋಂಗ್ರಿಯಾ ಕೊಂಧರನ್ನು ಆಮೇಲೆ ಒಪ್ಪಿಸಬಹುದೆಂಬ ಧೈರ್ಯ. ನಾರ್ವೆಯ ಪಿಂಚಣಿ ನಿಧಿ 2007ರಲ್ಲಿ, ಚರ್ಚ್ ಆಫ್ ಇಂಗ್ಲೆಂಡ್ 2010ರಲ್ಲಿ ಆ ಕಂಪನಿಯಿಂದ ಹಣ ಹಿಂತೆಗೆದವು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳನ್ನೇ ಕೇಳಿ ಎಂದಿತು. ಕೇಳಿದ ಹನ್ನೆರಡು ಗ್ರಾಮಸಭೆಗಳೂ ‘ಬೇಡ’ ಎಂದವು. ಈ ಪ್ರಶ್ನೆಯನ್ನು ಮೊದಲೇ ಪ್ರಾಮಾಣಿಕವಾಗಿ ಕೇಳಿದ್ದರೆ ಅದಿರಿಲ್ಲದ ಬೆಟ್ಟದ ಬುಡದಲ್ಲಿ ಕಾರ್ಖಾನೆ ಕಟ್ಟುವ ಅವಿವೇಕ ತಪ್ಪುತ್ತಿತ್ತು.

ಹಾಗಾದರೆ ಗಣಿಗಳೇ ಬೇಡವೇ ಎಂದು ಕೇಳುವವರಿದ್ದಾರೆ. ನಾವು ಓಡಿಸುವ ಮೋಟಾರು, ಉಣ್ಣುವ ತಟ್ಟೆ ಎಲ್ಲವೂ ಅದಿರೇ ಎಂಬುದು ನಮಗೂ ಗೊತ್ತು. ನಿರಾಕರಿಸುವ ಹಕ್ಕಿದ್ದವರೆಲ್ಲ ನಿರಾಕರಿಸಿಯೇ ತೀರುತ್ತಾರೆ ಎನ್ನುವುದು ಹಕ್ಕು ಕೊಡಲೊಲ್ಲದವರ ಭಯ. ಜೂಕನ್ನಿನ ಆ ಜನರೇ 2025ರ ಜೂನ್‌ನಲ್ಲಿ ಅದೇ ಕಂಪನಿಯೊಂದಿಗೆ ಹೊಸ ಕರಾರಿಗೆ ಸಹಿ ಹಾಕಿದರು. ತಮ್ಮ ನೆಲದಲ್ಲಿ ಗಣಿಯ ಯೋಜನೆ ತಯಾರಾಗುವಾಗಲೇ ತಮ್ಮ ಮಾತು ನಡೆಯಬೇಕೆಂಬುದು ಅದರ ತಿರುಳು. ಆದರೆ ಅಷ್ಟನ್ನು ಒಪ್ಪಿಸಲು 46,000 ವರ್ಷಗಳ ಆಸರೆಯೊಂದು ಮೊದಲು ಪುಡಿಯಾಗಬೇಕಾಯಿತು.

ಅಷ್ಟು ದುಬಾರಿ ಪಾಠ ಕಲಿಯುವ ಶಕ್ತಿ ನಮಗಿಲ್ಲ. ಆದರೂ ನಮ್ಮ ಸರ್ಕಾರ ನಡೆದದ್ದು ಹಿಂದಕ್ಕೆ. ಕಾಡನ್ನು ಬೇರೆ ಕೆಲಸಕ್ಕೆ ಬಿಡಲು ಗ್ರಾಮಸಭೆಯ ಒಪ್ಪಿಗೆ ಮೊದಲು ಬೇಕೆಂದು 2009ರ ಸುತ್ತೋಲೆ ಹೇಳಿತ್ತು. 2022ರ ನಿಯಮಗಳು ಕೇಂದ್ರದ ಅನುಮತಿ ಮೊದಲು ಸಿಗಲು ದಾರಿ ಮಾಡಿ, ಅರಣ್ಯ ಹಕ್ಕಿನ ಇತ್ಯರ್ಥವನ್ನು ಆಮೇಲಿನ ಕೆಲಸವಾಗಿ ರಾಜ್ಯಗಳ ತಲೆಗೆ ಕಟ್ಟಿದವು. ದೇಗ್ ಇಳಿಸಿದ ಮೇಲೆ ಹುಡುಗಿಯನ್ನು ಕೇಳುವ ಕ್ರಮ ಎಂದರೆ ಇದೇ.

ಹೂಡಿಕೆದಾರ ಎಂದರೆ ಸೂಟು ತೊಟ್ಟ ಯಾರೋ ಪರದೇಶಿಯಲ್ಲ. ಭವಿಷ್ಯನಿಧಿ, ವಿಮೆ, ಮ್ಯೂಚುವಲ್ ಫಂಡುಗಳ ಮೂಲಕ ನಾವೂ ಹೂಡಿಕೆದಾರರೇ. ಬಡ್ಡಿ ಹಲಾಲೋ ಹರಾಮೋ ಎಂದು ವರ್ಷಗಟ್ಟಲೆ ಚರ್ಚಿಸುವ ನಾವು, ಲಾಭದ ಹಣ ಯಾರ ಒಪ್ಪಿಗೆಯಿಲ್ಲದ ನೆಲದಿಂದ ಬಂತೆಂದು ಒಮ್ಮೆಯಾದರೂ ಕೇಳಿದ್ದೇವೆಯೇ? ಕೇಳಬೇಕು. ‘ಬೇಡ’ ಎನ್ನುವ ಬಾಗಿಲು ತೆರೆದಿಟ್ಟು ಪಡೆದ ‘ಹೂಂ’ ಮಾತ್ರ ಕರಾರು. ಉಳಿದದ್ದು ಬರಿಯ ಕಾಗದ, ಅದಕ್ಕೆ ಎಷ್ಟು ಮೊಹರು ಬಿದ್ದಿದ್ದರೂ.