ಭರತ ಏರುವ ಮುಂಚೆ ಕೂತುಬಿಡಿ

ಕ್ಯಾಮೆರಾ ಕೈಗೆ ಬಂದ ಕೂಡಲೇ ಹಕ್ಕಿಯ ಹಿಂದೆ ಓಡಬೇಕು ಅನಿಸುತ್ತದೆ. ಕಾಡಿನಲ್ಲಾದರೆ ಅಡಗಲು ಮರವಾದರೂ ಇದೆ, ಕಡಲತೀರದಲ್ಲಿ ಏನಿದೆ? ಬಟ್ಟಬಯಲು. ನೀವು ನೂರು ಹೆಜ್ಜೆ ದೂರ ಇರುವಾಗಲೇ ಹಕ್ಕಿ ನಿಮ್ಮನ್ನು ನೋಡಿಯಾಗಿರುತ್ತದೆ. ಇಲ್ಲಿ ಅದರ ಬಳಿ ಹೋಗುವುದಲ್ಲ, ಅದೇ ನಮ್ಮ ಬಳಿ ಬರುವಂತೆ ಕೂರುವುದು ಜಾಣತನ. ಕರೆತರುವ ಕೆಲಸವನ್ನು ಭರತದ ನೀರು ಮಾಡುತ್ತದೆ.

ಕುಮಟಾ ಬಳಿಯ ಅಘನಾಶಿನಿ ಅಳಿವೆಯನ್ನೇ ನೋಡಿ. 2024ರಲ್ಲಿ ರಾಮ್ಸಾರ್ ತಾಣವೆಂಬ ಮಾನ್ಯತೆ ಪಡೆದ ಜಾಗ ಇದು. ಇಳಿತದ ಹೊತ್ತಿನಲ್ಲಿ ಕೆಸರುಬಯಲು ತೆರೆದುಕೊಳ್ಳುತ್ತದೆ. ಊರವರು ಬಳಚು ಆರಿಸಲು ಇಳಿಯುತ್ತಾರೆ. ಹಕ್ಕಿಗಳೂ ಹುಳ, ಏಡಿಮರಿ ಹುಡುಕುತ್ತ ದೂರದೂರಕ್ಕೆ ಚದುರುತ್ತವೆ. ಆಗ ತೆಗೆದ ಫೋಟೊದಲ್ಲಿ ಬರೀ ಚುಕ್ಕಿ! ನೀರು ಏರಿದಂತೆ ಕೆಸರು ಕಿರಿದಾಗಿ, ಹಕ್ಕಿಗಳು ಹೆಜ್ಜೆ ಹೆಜ್ಜೆಯಾಗಿ ದಡದತ್ತ ಸರಿಯುತ್ತವೆ. ಮೊದಲೇ ಬಂದು ಅಲುಗದೆ ಕೂತವರಿಗೆ ಸುಗ್ಗಿ. ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮೀನುಗಾರರನ್ನು ಕೇಳಿ, ಗಡಿಯಾರ ನೋಡದೆ ಹೇಳುತ್ತಾರೆ.

ನಮ್ಮ ಕಡಲು ಪಡುವಣಕ್ಕಿರುವುದೂ ಅನುಕೂಲವೇ. ಬೆಳಗ್ಗೆ ಕಡಲಿಗೆ ಮುಖ ಮಾಡಿದರೆ ಸೂರ್ಯ ಬೆನ್ನ ಹಿಂದೆ, ಬೆಳಕು ಹಕ್ಕಿಯ ಮೈಮೇಲೆ. ಸಂಜೆಯಾದರೆ ಕಪ್ಪು ನೆರಳಷ್ಟೇ. ಕ್ಯಾಲೆಂಡರಿಗೆ ಚೆಂದ, ಹಕ್ಕಿ ಯಾವುದೆಂದು ಮಾತ್ರ ತಿಳಿಯದು. ಬೆಳ್ಳಕ್ಕಿಯ ಗರಿ ಬಿಸಿಲಿಗೆ ಸುಣ್ಣದ ಗೋಡೆಯಂತೆ ಕಾಣದಿರಲು ಬೆಳಕನ್ನು ತುಸು ಇಳಿಸಿಕೊಳ್ಳಿ. ಮರಳ ಮೇಲೆ ಲೆನ್ಸ್ ಬದಲಿಸಬೇಡಿ. ಮನೆಗೆ ಬಂದಮೇಲೆ ಕ್ಯಾಮೆರಾದ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ.

ಚಳಿಗಾಲದಲ್ಲಿ ಮೀನುದಕ್ಕೆಯ ಬಳಿ ಗುಂಪಾಗಿ ತೇಲುವ ಕಂದುತಲೆಯ ಕಡಲಹಕ್ಕಿಯನ್ನು ನೋಡಿ ಮಕ್ಕಳು ಕೇಳುವುದುಂಟು, ‘ತಲೆ ಬೆಳ್ಳಗಿದೆಯಲ್ಲ, ಕಂದು ಎಲ್ಲಿ?’ ಸರಿಯಾದ ಪ್ರಶ್ನೆ. ಕಂದು ಬಣ್ಣ ಅದರ ಮದುವೆ ಉಡುಗೆ. ಇಲ್ಲಿರುವಾಗ ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಅಷ್ಟೇ. ಮಾರ್ಚ್ ಹೊತ್ತಿಗೆ ತಲೆ ಕಂದಾಗತೊಡಗುತ್ತದೆ, ಆಮೇಲೆ ಹೊರಟೇ ಬಿಡುತ್ತದೆ, ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಿಗೆ. ಅಲ್ಲೇ ಅದರ ಗೂಡು, ಮರಿ. ಅಷ್ಟು ದೂರ ಹಾರಲು ಬೇಕಾದ ಕೊಬ್ಬನ್ನು ವಲಸೆ ಹಕ್ಕಿಗಳು ತುಂಬಿಕೊಳ್ಳುವುದು ನಮ್ಮ ತೀರಗಳಲ್ಲಿ.

ಆದ್ದರಿಂದಲೇ ‘ಹಾರುವ ಫೋಟೊ ಬೇಕು, ಓಡಿಹೋಗಿ ಎಬ್ಬಿಸು’ ಎಂದು ಮಕ್ಕಳನ್ನು ಗುಂಪಿನತ್ತ ಅಟ್ಟುವ ದೊಡ್ಡವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಬ್ಬರು ಎಬ್ಬಿಸಿದರೆ ಏನಾಯಿತು ಅನ್ನಬಹುದು. ರಜಾದಿನ ತೀರಕ್ಕೆ ಒಬ್ಬರೇ ಬರುವುದಿಲ್ಲವಲ್ಲ! ಪ್ರತಿ ಸಲ ಎದ್ದಾಗಲೂ ತಿಂದದ್ದು ಸ್ವಲ್ಪ ಕರಗುತ್ತದೆ, ತಿನ್ನುವ ಹೊತ್ತೂ ಹೋಗುತ್ತದೆ. ಕಾದರೆ ಅವು ತಾವಾಗಿಯೇ ಹಾರುತ್ತವೆ. ಹಾರುವ ಮುಂಚೆ ಎಷ್ಟೋ ಹಕ್ಕಿಗಳು ಗಾಳಿಗೆ ಮುಖ ಮಾಡುತ್ತವೆ, ಬೆರಳು ಸಿದ್ಧವಿರಲಿ.

ಗೂಡಿನ ವಿಷಯದಲ್ಲಂತೂ ಇನ್ನೂ ಬಿಗಿ. ಟಿಟ್ಟಿಭ ಬಯಲು ನೆಲದಲ್ಲೇ ಮೊಟ್ಟೆ ಇಡುತ್ತದೆ. ನೀವು ಹತ್ತಿರ ನಿಂತಷ್ಟು ಹೊತ್ತೂ ತಾಯಿ ದೂರ, ಮೊಟ್ಟೆ ಉರಿಬಿಸಿಲಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಹಕ್ಕಿಗಳ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನೂ ‘ಬೇಟೆ’ ಎಂದೇ ಕರೆದಿದೆ.

ದೊಡ್ಡ ಲೆನ್ಸ್ ಇಲ್ಲವೆಂದು ಬೇಸರ ಬೇಡ. ಬೈನಾಕ್ಯುಲರಿನ ಒಂದು ಕಣ್ಣಿಗೆ ಮೊಬೈಲ್ ಒತ್ತಿ ಹಿಡಿದರೂ ಗುರುತಿಗೆ ಸಾಲುವ ಚಿತ್ರ ಬರುತ್ತದೆ. ಕೆಲವು ತೀರದ ಹಕ್ಕಿಗಳ ಕಾಲಿಗೆ ಸಂಶೋಧಕರು ಬಳೆ ಅಥವಾ ಬಣ್ಣದ ಪುಟ್ಟ ಪಟ್ಟಿ ತೊಡಿಸಿರುತ್ತಾರೆ. ನಮ್ಮ ದೇಶದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಈ ಕೆಲಸ ಮಾಡುತ್ತ ಬಂದಿದೆ. ಅದರ ಮೇಲಿನ ಅಕ್ಷರ, ಅಂಕಿ ಓದಲು ಸಿಕ್ಕರೆ ಆ ಹಕ್ಕಿಗೆ ಎಲ್ಲಿ, ಯಾವಾಗ ಬಳೆ ತೊಡಿಸಿದರು ಎಂದು ಪತ್ತೆ ಮಾಡಬಹುದು. ಮಸುಕಾದ ಫೋಟೊಕ್ಕೂ ಬೆಲೆ ಬರುವುದು ಆಗ. ಅಂದಗಾಣಿಸಲು ಚಿತ್ರದ ಅಂಚು ಕತ್ತರಿಸುವ ಮುನ್ನ ಹಕ್ಕಿಯ ಕಾಲನ್ನು ಒಮ್ಮೆ ದೊಡ್ಡದು ಮಾಡಿ ನೋಡಿ.