ಗೊರಕೆ ಸುಖನಿದ್ದೆಯಲ್ಲ!

ಸಿರವಾರ: ‘ಪುಣ್ಯವಂತ ಬಿಡ್ರಿ, ಕುಂತಲ್ಲೇ ಗೊರಕಿ ಹೊಡೀತಾನ!’ ರಾಯಚೂರು ಬಸ್ಸಿನಲ್ಲಿ ಸೀಟು ಸಿಕ್ಕೊಡನೆ ನಿದ್ದೆಗೆ ಜಾರುವವನನ್ನು ಕಂಡು ಜನ ಆಡುವ ಮಾತಿದು. ಅದು ಪುಣ್ಯವಲ್ಲ, ರಾತ್ರಿ ಕೆಟ್ಟ ನಿದ್ದೆಯ ಬಾಕಿ ವಸೂಲಿ ಇರಬಹುದು.

ಮಲಗಿದಾಗ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚುವ ಈ ರೋಗಕ್ಕೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ಒಮ್ಮೊಮ್ಮೆಗೆ ಹತ್ತು ಸೆಕೆಂಡು, ಅದಕ್ಕೂ ಹೆಚ್ಚು ಉಸಿರಿಲ್ಲ. ತೀವ್ರವಾದರೆ ಗಂಟೆಗೆ 30ಕ್ಕೂ ಹೆಚ್ಚು ಸಲ ಹೀಗೆ. ಮಲಗಿದವನಿಗೆ ಇದರ ಸುಳಿವೇ ಇರದು.

ಚಿಕಿತ್ಸೆ ಇಲ್ಲದೆ ಬಿಟ್ಟರೆ ರಕ್ತದೊತ್ತಡ, ಹೃದ್ರೋಗ, ಲಕ್ವದ ಅಪಾಯ ಹೆಚ್ಚು. ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಸಂಗೀತ ನೀಡಿದ್ದ ಬಪ್ಪಿ ಲಹರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಈ ರೋಗವೂ ಇತ್ತು.

ಗಲ್ಲಾದ ಮುಂದೆ ತೂಕಡಿಸಿದ ವ್ಯಾಪಾರಿಗೆ ಹೋಗುವುದು ನಾಲ್ಕು ಕಾಸು. ಸ್ಟೇರಿಂಗ್ ಮುಂದೆ ತೂಕಡಿಸಿದರೆ ಹೋಗುವುದು ಬಸ್ಸು ತುಂಬ ಜೀವ. ಚಾಲಕರ ಕಣ್ಣು ನೋಡುವವರು ನಿದ್ದೆಯನ್ನೂ ವಿಚಾರಿಸುವುದು ಒಳ್ಳೆಯದು.

ತೂಕ ಇಳಿಸುವುದು, ಮದ್ಯ ಬಿಡುವುದು, ಮಗ್ಗುಲಾಗಿ ಮಲಗುವುದರಿಂದ ಹಲವರಿಗೆ ಗುಣ ಕಾಣುತ್ತದೆ. ರೋಗ ಬಲಿತವರಿಗೆ ಮುಸುಕಿನ ಮೂಲಕ ಗಾಳಿ ಒತ್ತುವ ಯಂತ್ರವಿದೆ. ‘ರಾತ್ರಿ ನಿಮ್ಮ ಉಸಿರು ನಿಂತು ನಿಂತು ಬರ್ತದ’ ಎಂದು ಮನೆಯಾಕೆ ಹೇಳಿದರೆ ನಗಬೇಡಿ. ಡಾಕ್ಟರ ಬಳಿ ಹೋಗಿ.