ತೆರೆ ಸರಿದ ಮೇಲೆ ಪೋಷಾಕಿನ ಪಾಡು

ಲಂಡನ್‌ನಲ್ಲಿ 2024ರ ಮಾರ್ಚ್‌ನಲ್ಲಿ ನಡೆದ ಹರಾಜೊಂದರಲ್ಲಿ ಬಿಳಿ ಅಂಗಿಯೊಂದು 20 ಸಾವಿರ ಪೌಂಡ್‌ಗೆ ಮಾರಾಟವಾಯಿತು. 1995ರ ಬಿಬಿಸಿ ಧಾರಾವಾಹಿ ‘ಪ್ರೈಡ್ ಅಂಡ್ ಪ್ರಿಜುಡಿಸ್’ನಲ್ಲಿ ನಟ ಕಾಲಿನ್ ಫರ್ತ್ ಕೊಳದಲ್ಲಿ ಈಜಿ, ಒದ್ದೆ ಬಟ್ಟೆಯಲ್ಲೇ ನಡೆದುಬರುವ ದೃಶ್ಯಕ್ಕಾಗಿ ಹೊಲಿದ ಅಂಗಿಯದು. ಆದರೆ ಧಾರಾವಾಹಿಗಳ ಐತಿಹಾಸಿಕ ಉಡುಪುಗಳಲ್ಲಿ ಇಂಥ ಭಾಗ್ಯ ಕಾಣುವುದು ಬೆರಳೆಣಿಕೆಯಷ್ಟು ಮಾತ್ರ. ಉಳಿದವುಗಳ ಗತಿಯೇನು?

ಬ್ರಿಟನ್ನಿನಲ್ಲಿ ಇದಕ್ಕೆ ಉತ್ತರ ಬಾಡಿಗೆ ಪದ್ಧತಿ. 1840ರಲ್ಲಿ ಆರಂಭವಾದ ‘ಏಂಜಲ್ಸ್’ ಮತ್ತು 1965ರಲ್ಲಿ ಜಾನ್ ಬ್ರೈಟ್ ಸ್ಥಾಪಿಸಿದ ‘ಕಾಸ್‌ಪ್ರಾಪ್’ ಈ ವ್ಯವಹಾರದ ಪ್ರಮುಖ ಸಂಸ್ಥೆಗಳು. ಒಂದು ಧಾರಾವಾಹಿಯಲ್ಲಿ ನಾಯಕಿ ಧರಿಸಿದ ನಿಲುವಂಗಿ ಇನ್ನೊಂದರಲ್ಲಿ ಸಹನಟಿಯ ಮೈಮೇಲೆ, ಮತ್ತೊಂದರಲ್ಲಿ ಗುಂಪಿನ ನಡುವೆ ಕಾಣಿಸಿಕೊಳ್ಳುತ್ತದೆ. ಬಿಚ್ಚಿ ಸಡಿಲಿಸಲು ಅನುಕೂಲವಾಗಲೆಂದು ಹೊಲಿಗೆಯ ಒಳಗೆ ಹೆಚ್ಚುವರಿ ಬಟ್ಟೆ ಬಿಟ್ಟಿರುತ್ತಾರೆ. ಧರಿಸಿದ ಕಲಾವಿದರ ಹೆಸರಿನ ಪಟ್ಟಿ ಒಳಭಾಗದಲ್ಲಿ ಉಳಿದಿರುವುದೂ ಉಂಟು.

ಈ ವ್ಯವಸ್ಥೆಗೂ ಮಿತಿಯಿದೆ. ಹಿಂದಿನ ಕಾಲದ ಅಸಲಿ ರೇಷ್ಮೆಗೆ ತೂಕ ಬರಲೆಂದು ಲೋಹದ ಲವಣಗಳನ್ನು ಬೆರೆಸುತ್ತಿದ್ದರು. ಅಂಥ ಬಟ್ಟೆ ಕಾಲಕ್ರಮೇಣ ತಾನೇ ಸೀಳುತ್ತದೆ. ದೀಪದ ಶಾಖ, ಬೆವರು, ಪದೇ ಪದೇ ನಡೆಯುವ ತಿದ್ದುಪಡಿ ಹೊಸ ಬಟ್ಟೆಯನ್ನೂ ಸವೆಸುತ್ತವೆ. ವಸ್ತುಸಂಗ್ರಹಾಲಯಗಳ ಪಾತ್ರ ಮುಖ್ಯವಾಗುವುದು ಇಲ್ಲಿಯೇ. ಅಮೆರಿಕದ ವಿಂಟರ್‌ಥರ್ ಸಂಗ್ರಹಾಲಯ 2014ರಲ್ಲಿ ‘ಡೌನ್‌ಟನ್ ಅಬೆ’ಯ 40 ಉಡುಪುಗಳನ್ನು ಪ್ರದರ್ಶಿಸಿತ್ತು. ಆದರೆ ಗಾಜಿನೊಳಗೆ ಸೇರಿದ ಉಡುಪನ್ನು ಮುಂದೆ ಯಾವ ಕಲಾವಿದರೂ ತೊಡಲಾರರು.

ಇದಕ್ಕಿಂತ ಗಂಭೀರವಾದುದು ಒಡೆತನದ ಪ್ರಶ್ನೆ. ವೀಕ್ಷಕರ ಪರವಾನಗಿ ಶುಲ್ಕದಿಂದ ನಡೆಯುವ ಬಿಬಿಸಿ ದಶಕಗಳ ಕಾಲ ಕೂಡಿಟ್ಟ ಉಡುಪುಗಳು 2008ರಲ್ಲಿ ಏಂಜಲ್ಸ್ ಪಾಲಾದವು. ಸಾರ್ವಜನಿಕ ಹಣದಿಂದ ಬೆಳೆದ ಭಂಡಾರ ಹೀಗೆ ಖಾಸಗಿ ಸ್ವತ್ತಾಯಿತು. ಅಲ್ಲಿ ಅದು ಒಂದೇ ಕಡೆ ಬಳಕೆಯಲ್ಲಿ ಉಳಿಯಿತೆಂಬುದು ಸಮಾಧಾನದ ಸಂಗತಿಯಾದರೂ, ಮುಂದಿನ ನಿರ್ಧಾರಗಳಲ್ಲಿ ಶುಲ್ಕ ತೆತ್ತವರಿಗೆ ದನಿಯಿಲ್ಲ.

ಹರಾಜೆಲ್ಲವೂ ಕೆಟ್ಟದ್ದೆಂದು ಇದರ ಅರ್ಥವಲ್ಲ. ಆ ಅಂಗಿಯ ಹಣ ಕಲಾ ಶಿಕ್ಷಣಕ್ಕಾಗಿ ಬ್ರೈಟ್ ಕಟ್ಟಿದ ಪ್ರತಿಷ್ಠಾನಕ್ಕೆ ಸಂದಿತು. 2024ರ ಫೆಬ್ರುವರಿಯಲ್ಲಿ ನಡೆದ ‘ದಿ ಕ್ರೌನ್’ ಧಾರಾವಾಹಿಯ ಹರಾಜೂ ಚಲನಚಿತ್ರ ವಿದ್ಯಾರ್ಥಿಗಳ ನೆರವಿಗೆ ಮೀಸಲಾಗಿತ್ತು. ಹೆಸರಾಂತ ಹತ್ತು ಉಡುಪು ಮಾರಿ ಹೊಸ ದರ್ಜಿಗಳನ್ನು ತಯಾರು ಮಾಡುವುದು ವಿವೇಕವೇ ಸರಿ. ಆದರೆ ಹೆಸರಿಲ್ಲದ ಸಾವಿರಾರು ಉಡುಪುಗಳ ಸಂಗ್ರಹ ಚದುರಿಹೋದರೆ, ಆ ದರ್ಜಿಗಳು ಬಿಚ್ಚಿ ನೋಡಿ ಕಲಿಯಲು ಹೊಲಿಗೆಯೇ ಉಳಿಯದು.